ನಡೆಯುವುದು ಬೇರೆ, ವಾಕಿಂಗ್ ಬೇರೆ

ಬೆಂಗಳೂರಿನ ಪೂರ್ವದಂಚಿನಲ್ಲಿ, ಸರ್ಜಾಪುರ ರಸ್ತೆಗೂ ವರ್ತೂರಿಗೂ ನಡುವೆ ಬೆಳೆಯುತ್ತಲೇ ಇರುವ ನಮ್ಮ ಬಡಾವಣೆಗೆ ಸುರಕ್ಷಿತ ನಡಿಗೆ ಪಥವೂ ಸೈಕಲ್ ಪಥವೂ ಮಂಜೂರಾಗಿರುವ ಸಂತೋಷದ ಸುದ್ದಿ ನಮಗೆ ತಲುಪಿದ್ದು ಒಂದು ಫ್ಲೆಕ್ಸಿನ ಮೂಲಕ. ಬಡಾವಣೆಯಲ್ಲಿ ಫುಟ್‌ಪಾತ್ ಎಂದು ಕರೆಯಬಹುದಾದ ಏಕೈಕ ತುಣುಕಿನ ನಟ್ಟನಡುವೆ ಎರಡು ಸರ್ವೆ ಗಳುಗಳನ್ನು ನೆಟ್ಟು ಆ ಫ್ಲೆಕ್ಸನ್ನು ಕಟ್ಟಿದ್ದರು. ಹೀಗಾಗಿ ಅದನ್ನು ಓದಬಯಸಿದವರೂ ಬಯಸದವರೂ ಒಂದೇ ರೀತಿಯಲ್ಲಿ ರಸ್ತೆಗೆ ಇಳಿದು, ನೀರಿನ ಟ್ಯಾಂಕರ್ ದಾಟಿಹೋಗುವವರೆಗೆ ಉಸಿರು ಬಿಗಿಹಿಡಿದು ನಿಂತು, ಅನಂತರ ಮುಂದಕ್ಕೆ ಸಾಗಬೇಕಾಯಿತು. ಫ್ಲೆಕ್ಸಿನ ಮುಕ್ಕಾಲು ಭಾಗವನ್ನು ಅಭಿನಂದನೆಗೆ ಅರ್ಹರಾದವರ ಮುಖಗಳು ತುಂಬಿದ್ದವು. ಉಳಿದ ಮೂಲೆಯಲ್ಲಿ ಹೆಲ್ಮೆಟ್ ಧರಿಸಿದ ಒಂದು ಕುಟುಂಬ ಮೇಪಲ್ ಮರಗಳ ಕೆಂಪು ಎಲೆಗಳ ನಡುವೆ ಸೈಕಲ್ ತುಳಿಯುತ್ತಿತ್ತು. ನಮ್ಮಲ್ಲಿರುವುದು ಹೊಂಗೆ ಮರ, ಅದರ ಎಲೆ ಹಾಗೆ ಕೆಂಪಾಗುವುದಿಲ್ಲ ಎಂಬ ತಾಂತ್ರಿಕ ಆಕ್ಷೇಪವನ್ನು ಯಾರೂ ಎತ್ತಲಿಲ್ಲ.

ಇಂಥ ಸತ್ಕಾರ್ಯವನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಯೋಜನೆಯ ಕುರಿತು ಕರೆದ ಸಾರ್ವಜನಿಕ ಸಮಾಲೋಚನಾ ಸಭೆಗೂ ನಾನು ತಪ್ಪದೆ ಹೋಗಿದ್ದೆ. ಸಭೆ ದೊಡ್ಡದೊಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯಿತು. ಸಾರ್ವಜನಿಕರಿಗೆಲ್ಲ ಮುಕ್ತ ಪ್ರವೇಶವಿತ್ತು. ಗೇಟಿನಲ್ಲಿ ಫ್ಲ್ಯಾಟ್ ನಂಬರ್ ಹೇಳಿದರೆ ಸಾಕಿತ್ತು. ಸಲಹೆಗಾರ ಸಂಸ್ಥೆಯಿಂದ ಬಂದಿದ್ದ, ಬಹಳ ಸಭ್ಯನಾದ ಯುವಕನೊಬ್ಬ ಮೊದಲ ಸ್ಲೈಡ್ ತೋರಿಸುವ ಮುನ್ನ, “ನಿಮ್ಮಲ್ಲಿ ಎಷ್ಟು ಜನ ವಾಕಿಂಗ್ ಮಾಡ್ತೀರಿ?” ಎಂದು ಕೇಳಿದ. ಸಭೆಯ ತುಂಬ ಕೈಗಳು ಎದ್ದವು. ಹಿಂದುಗಡೆ ಟೀ ಲೋಟಗಳನ್ನು ಜೋಡಿಸುತ್ತಿದ್ದ, ನಮ್ಮ ಮನೆಗೂ ಕೆಲಸಕ್ಕೆ ಬರುವ ಹೆಂಗಸು ಮಾತ್ರ ಕೈ ಎತ್ತಲಿಲ್ಲ. ಅವರು ದಿನವೂ ಬೆಳಗಿನ ಜಾವ ಹಳೆಯ ಊರಿನಿಂದ ಹೊರಟು ನಡೆದು ಬಂದು, ನಾಲ್ಕು ಮನೆಗಳ ಕೆಲಸ ಮುಗಿಸಿ, ಮಧ್ಯಾಹ್ನ ನಡೆದು ಹೋಗಿ, ಸಂಜೆ ಮತ್ತೆ ನಡೆದು ಬರುವವರು. ಮಾರನೆಯ ದಿನ “ಯಾಕಮ್ಮಾ, ನೀವು ಕೈ ಎತ್ತಲಿಲ್ಲ?” ಎಂದು ಕೇಳಿದಾಗ ಅವರು ನಕ್ಕು, “ಅಯ್ಯೋ ಸಾರ್, ನಮಗೆಲ್ಲಿ ಪುರಸೊತ್ತು ವಾಕಿಂಗ್ ಮಾಡಕ್ಕೆ!” ಎಂದರು.

ನಡೆಯುವುದು ಬೇರೆ, ವಾಕಿಂಗ್ ಬೇರೆ ಎಂಬುದನ್ನು ಇಷ್ಟು ಖಚಿತವಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ನಡೆಯುವವರಿಗೆ ತಲುಪಬೇಕಾದ ಒಂದು ಜಾಗವಿರುತ್ತದೆ. ವಾಕಿಂಗ್ ಮಾಡುವವರು ಹೊರಟಲ್ಲಿಗೇ ಬಂದು ಸೇರುತ್ತಾರೆ. ನಡೆಯುವವರ ಕೈಯಲ್ಲಿ ಚೀಲವೋ ಮಗುವೋ ಇರುತ್ತದೆ; ವಾಕಿಂಗ್ ಮಾಡುವವರ ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರವಿರುತ್ತದೆ. ಹಾಗೆಯೇ ಸೈಕಲ್ಲಿನಲ್ಲಿ ಹೋಗುವುದು ಬೇರೆ, ಸೈಕ್ಲಿಂಗ್ ಬೇರೆ. ಮೊದಲನೆಯದರಲ್ಲಿ ಸೈಕಲ್ಲಿನ ಹಿಂದೆ ಹಾಲಿನ ಕ್ರೇಟೋ ಎಳನೀರಿನ ಗೊನೆಯೋ ಇರುತ್ತದೆ. ಎರಡನೆಯದರಲ್ಲಿ ಸೈಕಲ್ಲೇ ಕಾರಿನ ಹಿಂದೆ ಇರುತ್ತದೆ. ಈ ಭೇದ ತಿಳಿಯದ ಅಜ್ಞಾನದಲ್ಲಿ ನಾನು ಸಭೆಯುದ್ದಕ್ಕೂ, ಮಂಜೂರಾದ ಪಥ ಬಸ್ ನಿಲ್ದಾಣಕ್ಕೆ ಹೋಗುವುದಿಲ್ಲವೇಕೆ, ಶಾಲೆಗೆ ಹೋಗುವುದಿಲ್ಲವೇಕೆ, ಆರೋಗ್ಯ ಕೇಂದ್ರದ ಕಡೆಗೆ ತಲೆಯನ್ನೂ ಹಾಕುವುದಿಲ್ಲವೇಕೆ ಎಂದು ತಲೆ ಕೆಡಿಸಿಕೊಂಡಿದ್ದೆ. ಪಥ ಕೆರೆಯ ಪೂರ್ವ ಗೇಟಿನಲ್ಲಿ ಆರಂಭವಾಗಿ, ಕೆರೆಯನ್ನೊಂದು ಸುತ್ತು ಹಾಕಿ, ಪೂರ್ವ ಗೇಟಿನಲ್ಲಿಯೇ ಮುಗಿಯುತ್ತದೆ. ಇದಕ್ಕೆ ಲೂಪ್ ಎನ್ನುತ್ತಾರಂತೆ. ದೇವಸ್ಥಾನದಲ್ಲಾದರೆ ಪ್ರದಕ್ಷಿಣೆ ಎನ್ನುತ್ತಾರೆ. ಅಲ್ಲಿ ಕೊನೆಗೆ ತೀರ್ಥವಾದರೂ ಸಿಗುತ್ತದೆ.

ಲೂಪಿನ ಹಿರಿಮೆ ಪೂರ್ತಿಯಾಗಿ ಅರ್ಥವಾಗಬೇಕಾದರೆ ಈ ಊರಿನ ಹಳೆಯ ದಾರಿಗಳ ಒರಟುತನವನ್ನು ಸ್ವಲ್ಪ ತಿಳಿದಿರಬೇಕು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆಯ ಜೊತೆಗೆ ನಗರದೊಳಕ್ಕೆ ಬಂದು ಬಿದ್ದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಅದಕ್ಕೆ ಬಹಳ ಹಿಂದಿನಿಂದಲೂ ಒಂದು ಗ್ರಾಮ ನಕ್ಷೆಯಿದೆ. 1:7920 ಅಳತೆಯ ಆ ಹಾಳೆಯಲ್ಲಿ ಬಂಡಿದಾರಿಯನ್ನು ಜೋಡಿ ತುಂಡುಗೆರೆಗಳಲ್ಲಿಯೂ ಕಾಲುದಾರಿಯನ್ನು ಒಂಟಿ ತುಂಡುಗೆರೆಯಲ್ಲಿಯೂ ತೋರಿಸಿದ್ದಾರೆ. ಊರಿನಿಂದ ಕೆರೆಯ ತೂಬಿಗೆ, ತೂಬಿನಿಂದ ಪಕ್ಕದೂರಿನ ಮಾರಮ್ಮನ ಗುಡಿಗೆ, ಗುಡಿಯಿಂದ ಗುಂಡುತೋಪಿಗೆ, ತೋಪಿನಿಂದ ಈಗ ಬಸ್ ನಿಲ್ಲುವ ರಸ್ತೆಗೆ ಈ ಒಂಟಿ ಗೆರೆಗಳು ಹಾಳೆಯ ತುಂಬ ಹೆಣೆದುಕೊಂಡಿವೆ. ಇವುಗಳಿಗೆ ಡಿಪಿಆರ್ ಎಂಬ ವಿವರವಾದ ಯೋಜನಾ ವರದಿ ಇರಲಿಲ್ಲ, ಟೆಂಡರ್ ಕರೆದಿರಲಿಲ್ಲ, ಗುದ್ದಲಿ ಪೂಜೆಯಂತೂ ಇಲ್ಲವೇ ಇಲ್ಲ. ಜನ ತಮಗೆ ಬೇಕಾದ ಕಡೆಗೆ ನೇರವಾಗಿ ನಡೆದರು, ಹುಲ್ಲು ಸವೆದು ದಾರಿಯಾಯಿತು, ಸರ್ವೆಯವರು ಬಂದು ಗೆರೆ ಎಳೆದುಕೊಂಡು ಹೋದರು. ಸಾಧ್ಯತಾ ವರದಿಯೊಂದನ್ನೂ ತಯಾರಿಸದೆ ಹೀಗೆ ದಾರಿ ಮಾಡಿಕೊಂಡ ದುಡುಕಿಗೆ ದಂಡ ವಿಧಿಸುವುದು ಬಿಟ್ಟು ಸರ್ಕಾರ ಕಾನೂನಿನ ಮಾನ್ಯತೆಯನ್ನೇ ಕೊಟ್ಟುಬಿಟ್ಟಿತು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮದಂತೆ, ರಸ್ತೆಗೆ ಅಥವಾ ಮಾನ್ಯವಾದ ಕಾಲುದಾರಿಗೆ ಹೋದ ನೆಲ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಅದು ಯಾರ ಸರ್ವೆ ನಂಬರಿನೊಳಗೆ ಬಿದ್ದಿದ್ದರೂ ಅದಕ್ಕೆ ಕಂದಾಯವಿಲ್ಲ, ಏಕೆಂದರೆ ಅದು ಎಲ್ಲರ ಕಾಲಿಗೆ ಸೇರಿದ್ದು.

1964ರ ಭೂಕಂದಾಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾರ್ವಜನಿಕ ರಸ್ತೆ, ಬೀದಿ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ ಅದರ 67ನೇ ಕಲಂ. ಅಂಥ ದಾರಿಯೊಂದು ಜನರಿಗೆ ಬೇಡವಾಗಿದೆ ಎಂದಾದರೆ ಅದರ ಮೇಲಿನ ಜನರ ಹಕ್ಕನ್ನು ಹೇಗೆ ನಂದಿಸಬೇಕು ಎಂಬುದನ್ನು ಹೇಳಲು 68ನೇ ಕಲಂ ಇದೆ: ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗಳನ್ನು ಕರೆಯಬೇಕು, ಅವುಗಳನ್ನು ಪರಿಶೀಲಿಸಬೇಕು. ಒಂದು ಕಾಲುದಾರಿ ಸಾಯುವುದಕ್ಕೆ ಕಾನೂನಿನಲ್ಲಿ ಇಷ್ಟೊಂದು ಸಂಸ್ಕಾರವಿದೆಯೆಂದು ತಿಳಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮೂರಿನಲ್ಲಿ ಇಷ್ಟೆಲ್ಲ ರಗಳೆಯೇ ಆಗಲಿಲ್ಲ. ತೂಬಿನಿಂದ ಹೊರಟ ಕಾಲುದಾರಿಯ ಮೇಲೆ ಎಲ್ಲ ಆಕ್ಷೇಪಣೆಗಳನ್ನೂ ಒಂದು ಜೆಸಿಬಿ ಅರ್ಧ ದಿನದಲ್ಲಿ ಆಲಿಸಿ ವಿಲೇವಾರಿ ಮಾಡಿತು. ಅಲ್ಲೀಗ ವಿಲ್ಲಾಗಳ ಸಮುಚ್ಚಯವೊಂದರ ಹತ್ತು ಅಡಿ ಎತ್ತರದ ಕಾಂಪೌಂಡ್ ಗೋಡೆಯಿದೆ, ಗೋಡೆಯ ನೆತ್ತಿಗೆ ಒಡೆದ ಗಾಜಿನ ಚೂರುಗಳಿವೆ, ಗೋಡೆಯ ಒಳಗೆ ಆ ವಿಲ್ಲಾಗಳ ನಿವಾಸಿಗಳಿಗಾಗಿಯೇ ಮಾಡಿದ ವಾಕಿಂಗ್ ಟ್ರ್ಯಾಕ್ ಇದೆ. “ಮುಂಚೆ ತೂಬಿನ ಪಕ್ಕ ಹಿಡ್ಕೊಂಡು ಹೋದ್ರೆ ಒಂದು ಬೀಡಿ ಸೇದೋಷ್ಟ್ರಲ್ಲಿ ಬಸ್‌ಸ್ಟಾಪ್ ಸಿಗ್ತಿತ್ತು ಸ್ವಾಮಿ,” ಎನ್ನುತ್ತಾರೆ ಊರಿನ ಹಳೆಯ ನೀರಗಂಟಿ, “ಈಗ ಸುತ್ಕೊಂಡ್ ಹೋಗಕ್ಕೆ ಒಂದು ಕಟ್ಟು ಬೇಕು.”

ಆ ಸುತ್ತುದಾರಿಯೆಂದರೆ ಮುಖ್ಯರಸ್ತೆ. ಕಾಗದದ ಮೇಲೆ ನಡೆಯುವವರಿಗೆ ಈ ದೇಶದಲ್ಲಿ ಯಾವ ಕೊರತೆಯೂ ಇಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳನ್ನಲ್ಲ, ಜನರನ್ನು ಗಮನದಲ್ಲಿಡಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಅಡೆತಡೆಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ, ಚುನಾವಣೆಗೆ ನಿಲ್ಲದ ಕಾಂಗ್ರೆಸ್ಸೊಂದಿದೆ. ಅದು 2012ರಲ್ಲಿ ಹೊರತಂದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಲ್ಲಿ, ವಸತಿ ಪ್ರದೇಶದಲ್ಲಿ ಫುಟ್‌ಪಾತಿನ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ತಲೆಯ ಮೇಲೆ 2.2 ಮೀಟರ್‌ವರೆಗೆ ಏನೂ ಅಡ್ಡ ಬರಬಾರದು, ಅಂಚುಕಲ್ಲು 150 ಮಿಲಿಮೀಟರ್‌ಗಿಂತ ಎತ್ತರವಿರಬಾರದು ಎಂದೆಲ್ಲ ಬರೆದಿದೆ.

ಈ ಪುಸ್ತಕವನ್ನು ಓದಿದ ಉತ್ಸಾಹದಲ್ಲಿ ನಾನು ಒಂದು ಭಾನುವಾರ ಟೇಪು ಹಿಡಿದು ನಮ್ಮ ಮುಖ್ಯರಸ್ತೆಗೆ ಇಳಿದೆ. ಮೊದಲ ಮನೆಯ ಮುಂದೆ ಅಂಚುಕಲ್ಲಿನ ಎತ್ತರ 13 ಇಂಚು. ಮೊಣಕಾಲು ನೋವಿನ ಅಜ್ಜಿಯೊಬ್ಬರು ಅದನ್ನು ಹತ್ತಲಾರರು. ಆದರೆ ಸಿಗ್ನಲ್ ಬಿದ್ದಾಗ ಬುಲೆಟ್ ಬೈಕ್ ಹತ್ತುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತಿದ ಮೇಲೆ ನಾಲ್ಕು ಹೆಜ್ಜೆಗೆ ಆ ಮನೆಯವರ ಕಾರಿಗೆಂದು ಹಾಕಿಸಿದ ಗ್ರಾನೈಟ್ ಇಳಿಜಾರು ಬರುತ್ತದೆ. ಅದನ್ನು ಬೆಳಿಗ್ಗೆ ತೊಳೆದು ರಂಗೋಲಿ ಹಾಕಿರುತ್ತಾರಾದ್ದರಿಂದ ಜಾರುವ ಭಯದ ಜೊತೆಗೆ ರಂಗೋಲಿ ತುಳಿಯುವ ಪಾಪಭೀತಿಯೂ ಸೇರಿಕೊಳ್ಳುತ್ತದೆ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್. ಅದರ ಸುತ್ತಲಿನ ಬೇಲಿಗೂ ಅಂಚುಕಲ್ಲಿಗೂ ನಡುವೆ ನನ್ನ ಟೇಪಿನ ಪ್ರಕಾರ 40 ಸೆಂಟಿಮೀಟರ್ ಜಾಗವಿತ್ತು, ಅಂದರೆ ಅಡ್ಡಲಾಗಿ, ಉಸಿರು ಬಿಡದೆ ಹೋಗುವವರಿಗೆ ಸಾಕು. ಅಲ್ಲಿಂದ ಮುಂದೆ ಹೊಂಗೆ ಮರದ ಕೊಂಬೆಗೆ ಕೇಬಲ್ಲಿನವರು ಸುತ್ತಿ ನೇತುಹಾಕಿದ ಕಪ್ಪು ತಂತಿಯ ಸುರುಳಿ ಸರಿಯಾಗಿ ಗಂಟಲಿನ ಎತ್ತರಕ್ಕೆ ಬರುತ್ತದೆ. ಅದನ್ನು ತಪ್ಪಿಸಲೆಂದು ತಲೆ ತಗ್ಗಿಸಿದವರ ಕಾಲಿಗೆ, ಸುತ್ತಲಿನ ನೆಲಕ್ಕಿಂತ ಒಂದು ಗೇಣು ಮೇಲೆದ್ದಿರುವ ಮ್ಯಾನ್‌ಹೋಲ್ ಮುಚ್ಚಳ ಎಡವಿಸುತ್ತದೆ. ಇವೆರಡನ್ನು ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಮಾಡಿದ್ದೆಂದು ಹೇಳುತ್ತಾರಾದರೂ, ಇಷ್ಟು ಹೊಂದಾಣಿಕೆಯ ಕೆಲಸ ಕಾಕತಾಳೀಯವಾಗಿ ಆಗುವುದು ಕಷ್ಟ. ಕೊನೆಯ ಹತ್ತು ಮೀಟರ್ ಹೊಸ ಪೇವರ್ ಕಲ್ಲು. ಮಳೆ ಬಂದ ಮಾರನೆಯ ದಿನ ಅದರ ಮೇಲೆ ಕಾಲಿಟ್ಟರೆ ಕಲ್ಲು ಒಂದು ಬದಿಗೆ ವಾಲಿ, ಅಡಿಯ ಕೊಚ್ಚೆ ಪಿಚಕಾರಿಯಂತೆ ಪ್ಯಾಂಟಿಗೆ ಹಾರುತ್ತದೆ. ಯಾವ ಕಲ್ಲು ಹಾರಿಸುತ್ತದೆ, ಯಾವುದು ಹಾರಿಸುವುದಿಲ್ಲ ಎಂಬುದು ನಮ್ಮ ಬೀದಿಯ ಶಾಲಾಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠವಾಗಿದೆ.

ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಹೋಗಿ ಸಭ್ಯ ಯುವಕನಿಗೆ ತೋರಿಸಿದೆ. ಆತ ಸಹಾನುಭೂತಿಯಿಂದ ಓದಿ, “ಸಾರ್, ಇದು ರೋಡಿಗೆ ಬರುತ್ತೆ, ನಮ್ಮ ಸ್ಕೋಪ್‌ನಲ್ಲಿ ಬರಲ್ಲ” ಎಂದ. ನಡೆಯುವವರು ರಸ್ತೆಗೆ ಬರುತ್ತಾರೆ, ವಾಕಿಂಗ್ ಸ್ಕೋಪಿಗೆ ಬರುತ್ತದೆ ಎಂದು ನಾನು ಮನಸ್ಸಿನಲ್ಲಿಯೇ ಬರೆದುಕೊಂಡೆ.

ಸೈಕಲ್ಲಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸೈಕಲ್ಲನ್ನು ಎಲ್ಲಿಗಾದರೂ ಹೋಗುವ ಸಾಧನವೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಇರುವ ಹೊರವರ್ತುಲ ರಸ್ತೆ ಸಾಕ್ಷಿ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ, ಪ್ಲಾಸ್ಟಿಕ್ ಗೂಟಗಳನ್ನು ನೆಟ್ಟು ಸೈಕಲ್ಲಿಗೆಂದೇ ಪ್ರತ್ಯೇಕ ಪಥ ಮಾಡಲು ಹೊರಟರು. ಕಚೇರಿಗಳಿದ್ದ ಕಡೆಗೆ, ಜನರು ನಿಜವಾಗಿ ಹೋಗುತ್ತಿದ್ದ ಕಡೆಗೆ ಪಥ ಮಾಡಿದ್ದೇ ಅದಕ್ಕೆ ಮುಳುವಾಯಿತು. ಗೂಟಗಳು ಒಂದೊಂದಾಗಿ ಮುರಿದವು, ಮಾಯವಾದವು. ಉಳಿದ ಜಾಗದಲ್ಲಿ ಕಾರುಗಳು ನಿಂತವು. ದ್ವಿಚಕ್ರ ವಾಹನಗಳು ಇದು ತಮಗಾಗಿಯೇ ಮಾಡಿದ ಉಪಕಾರವೆಂದು ಬಗೆದು ಕೃತಜ್ಞತೆಯಿಂದ ಒಳನುಗ್ಗಿದವು. ಕೊನೆಗೆ ಮೆಟ್ರೊ ಕಾಮಗಾರಿ ಬಂದು ಇದ್ದಬದ್ದದ್ದನ್ನೂ ಬಾಚಿಕೊಂಡಿತು. ಈ ಅನುಭವದಿಂದ ನಮ್ಮ ಯೋಜಕರು ಕಲಿತ ಪಾಠ ಬಹಳ ತರ್ಕಬದ್ಧವಾಗಿದೆ. ಜನ ಹೋಗುವ ಕಡೆ ಪಥ ಮಾಡಿದರೆ ಅಲ್ಲಿ ಕಾರೂ ಹೋಗಬಯಸುತ್ತದೆ, ಬಸ್ಸೂ ಹೋಗಬಯಸುತ್ತದೆ, ಮೆಟ್ರೊ ಕೂಡ ಹೋಗಬಯಸುತ್ತದೆ. ಯಾರಿಗೂ ಎಲ್ಲಿಗೂ ಹೋಗಬೇಕಾಗಿಲ್ಲದ ಕಡೆ ಮಾಡಿದರೆ ಯಾರ ಜೊತೆಗೂ ಜಗಳವಿಲ್ಲ.

ಹಾಗಾಗಿ ನಮ್ಮ ಸೈಕಲ್ ಪಥವೂ ಕೆರೆಯ ಬೇಲಿಯೊಳಗೆಯೇ ಹೋಗಿ ಸೇರಿದೆ. ಅದರ ವಿನ್ಯಾಸ ನೋಡಿ ನಾನು ಬೆರಗಾದೆ. ಪಥದೊಳಕ್ಕೆ ಬೈಕು ಸ್ಕೂಟರುಗಳು ನುಗ್ಗದಂತೆ ಗೇಟಿನಲ್ಲಿ ಕಬ್ಬಿಣದ ತಿರುಗುಗಂಬವನ್ನು ಹಾಕಲಾಗುತ್ತದೆ. ಅದರಲ್ಲಿ ಮನುಷ್ಯರು ಒಬ್ಬೊಬ್ಬರಾಗಿ ನುಸುಳಬಹುದು, ಎರಡು ಚಕ್ರವಿರುವ ಯಾವುದೂ ನುಸುಳಲಾರದು. ಸೈಕಲ್ಲಿಗೂ ಎರಡು ಚಕ್ರವೇ ಇರುತ್ತದಲ್ಲ ಎಂದು ಹಿರಿಯರೊಬ್ಬರು ಸಭೆಯಲ್ಲಿ ಮೆಲ್ಲನೆ ನೆನಪಿಸಿದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ ಕವಿಯಿತು. ಅನಂತರ ಅದಕ್ಕೂ ಪರಿಹಾರ ಸಿಕ್ಕಿತು: ಸೈಕಲ್ಲುಗಳನ್ನು ಬೇಲಿಯ ಒಳಗೇ ಇಡಲಾಗುವುದು, ನಾಗರಿಕರು ಬರಿಗೈಯಲ್ಲಿ ಒಳಗೆ ಬಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ತುಳಿದು, ಅಲ್ಲಿಯೇ ಬಿಟ್ಟು ಹೋಗುವುದು. ಸೈಕಲ್ ಎಂದೂ ಹೊರಗೆ ಬರುವುದಿಲ್ಲವಾದ್ದರಿಂದ ಸೈಕಲ್ ಅಪಘಾತಗಳು ಸಂಪೂರ್ಣವಾಗಿ ನಿಲ್ಲುತ್ತವೆ. ಅಷ್ಟರಲ್ಲಿ ಹೊರಗೆ ಪೇಪರ್ ಹಾಕುವ ಹುಡುಗನ ಸೈಕಲ್ಲು ಟ್ಯಾಂಕರಿಗೂ ಚರಂಡಿಗೂ ನಡುವಿನ ತನ್ನ ಎಂದಿನ ಪಥದಲ್ಲಿ ಹೋಗುತ್ತಿತ್ತು.

ವೇಳಾಪಟ್ಟಿಯ ಫಲಕ ಆಗಲೇ ಸಿದ್ಧವಾಗಿದೆ, ಪಥ ಇನ್ನೂ ಆಗಬೇಕಿದೆ. ಬೆಳಿಗ್ಗೆ 5.30ರಿಂದ 9, ಸಂಜೆ 4.30ರಿಂದ 7. ಮಧ್ಯಾಹ್ನ ಒಂದಕ್ಕೆ ಕೆಲಸ ಮುಗಿಸಿ ಹೋಗುವ ಹೆಂಗಸರಿಗೂ ಮೂರೂವರೆಗೆ ಶಾಲೆ ಬಿಡುವ ಮಕ್ಕಳಿಗೂ ರಾತ್ರಿ ಎಂಟಕ್ಕೆ ಪಾಳಿ ಬದಲಿಸುವ ಸೆಕ್ಯೂರಿಟಿಯವರಿಗೂ ಇದು ಹೊಂದುವುದಿಲ್ಲ ಎನ್ನುವವರು ಮತ್ತೆ ಅದೇ ಹಳೆಯ ಗೊಂದಲಕ್ಕೆ ಬೀಳುತ್ತಿದ್ದಾರೆ. ಅವರೆಲ್ಲ ನಡೆಯುವವರು. ಮಧ್ಯಾಹ್ನ ಒಂದಕ್ಕೆ ವಾಕಿಂಗ್ ಮಾಡುವವರನ್ನು ಯಾರಾದರೂ ಕಂಡಿದ್ದೀರಾ? ಫಲಕದ ತಲೆಬರಹದಲ್ಲಿರುವ ಸಂಸ್ಥೆಯ ಹೆಸರಿನ ಮೇಲೆ ಈಚೆಗೆ ಬಿಳಿ ಕಾಗದ ಅಂಟಿಸಿದ್ದಾರೆ. 2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ ಹೊಸ ಹೆಸರು ಬರೆಯಲು ಪೇಂಟರ್ ಇನ್ನೂ ಬಂದಿಲ್ಲ. ವೇಳೆಯಲ್ಲಿ ಮಾತ್ರ ಬದಲಾವಣೆಯಿಲ್ಲ.

ಯೋಜನೆಯಲ್ಲಿ ವೈಜ್ಞಾನಿಕತೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಕಳೆದ ತಿಂಗಳು ಪಾದಚಾರಿಗಳ ಎಣಿಕೆ ನಡೆಯಿತು. ಕೈಯಲ್ಲಿ ಎಣಿಕೆಯಂತ್ರ ಹಿಡಿದ ಹುಡುಗರು ಕೆರೆಯ ಗೇಟಿನಲ್ಲಿ, ಮುಖ್ಯರಸ್ತೆಯಲ್ಲಿ, ಅಪಾರ್ಟ್‌ಮೆಂಟುಗಳ ಮುಂದೆ ಮೂರು ದಿನ ಕುಳಿತರು. ಕೆರೆಯ ಗೇಟಿನ ಹುಡುಗ ಎರಡನೆಯ ದಿನಕ್ಕೆ ನಿದ್ದೆಹೋದ. ಆದರೆ ನೆರಳಿದೆಯೆಂಬ ಒಂದೇ ಕಾರಣಕ್ಕೆ ವಿಲ್ಲಾಗಳ ಹಿಂಬದಿಯ ಗೋಡೆಯ ಪಕ್ಕ ಕುಳಿತ ಹುಡುಗ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡ. ಆ ಗೋಡೆಯಲ್ಲಿ ನಾಲ್ಕು ಇಟ್ಟಿಗೆ ಅಗಲದ, ಸೊಂಟದೆತ್ತರದ ಒಂದು ಕಿಂಡಿಯಿದೆ. ಯಾರು ಒಡೆದರೋ ಗೊತ್ತಿಲ್ಲ. ಮನೆಗೆಲಸದವರು, ಗಾರೆಯವರು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಸಾಫ್ಟ್‌ವೇರಿನವರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಎಲ್ಲರೂ ಅದರೊಳಗೆ ಬಾಗಿ ನುಸುಳಿ, ವಿಲ್ಲಾಗಳ ಜನರೇಟರ್ ಕೋಣೆಯ ಪಕ್ಕದಿಂದ ಆಚೆಗೆ ಹೊರಟು ಬಸ್ ನಿಲ್ದಾಣ ಸೇರುತ್ತಾರೆ. ಒಳಗಿನ ಕಾವಲುಗಾರ ಅವರನ್ನು ನೋಡುವುದಿಲ್ಲ; ಅವನೂ ಬರುವುದು ಅದೇ ಕಿಂಡಿಯಿಂದ. ನಾನು ಗ್ರಾಮ ನಕ್ಷೆಯ ಪ್ರತಿಯನ್ನು ಮೊಬೈಲಿನ ನಕ್ಷೆಯ ಮೇಲೆ ಹೊಂದಿಸಿ ನೋಡಿದೆ. ತೂಬಿನಿಂದ ಹೊರಟ ಒಂಟಿ ತುಂಡುಗೆರೆ ಸರಿಯಾಗಿ ಆ ಕಿಂಡಿಯಲ್ಲಿಯೇ ಗೋಡೆಯನ್ನು ದಾಟುತ್ತದೆ.

ಎಣಿಕೆಯ ವರದಿ ಬಂತು. ಆ ಜಾಗದ ಎದುರಿನ ಷರಾ ಹೀಗಿತ್ತು: “ಅನಧಿಕೃತ ಪಾದಚಾರಿ ಚಟುವಟಿಕೆ ಅತ್ಯಧಿಕವಾಗಿದ್ದು, ಪಾದಚಾರಿಗಳ ಸುರಕ್ಷತೆಯ ದೃಷ್ಟಿಯಿಂದ ಸದರಿ ತೆರಪನ್ನು ಮುಚ್ಚುವುದು ಸೂಕ್ತ.” ನಕ್ಷೆಯನ್ನೂ 67ನೇ ಕಲಮನ್ನೂ ಲಗತ್ತಿಸಿ ನಾನೊಂದು ಅರ್ಜಿ ಬರೆದುಕೊಟ್ಟೆ. ಅದನ್ನು ಎರಡನೆಯ ಹಂತದಲ್ಲಿ ಪರಿಶೀಲಿಸುವುದಾಗಿ ಹಿಂಬರಹ ಬಂದಿದೆ. ಒಟ್ಟು ಯೋಜನೆಯಲ್ಲಿ ಇದುವರೆಗೆ ಪೂರ್ಣಗೊಂಡಿರುವ ಕಾಮಗಾರಿಯೆಂದರೆ ಕಿಂಡಿ ಮುಚ್ಚಿದ್ದು. ಮಂಗಳವಾರ ಸಂಜೆ ಇಬ್ಬರು ಗಾರೆಯವರು ಬಂದು ಹಾಲೊ ಬ್ಲಾಕ್ ಇಟ್ಟು ಸಿಮೆಂಟು ಮೆತ್ತಿ, ಕೆಲಸ ಮುಗಿಸಿ, ಸುತ್ತುದಾರಿಯಲ್ಲಿ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ನಾನು ವಾಕಿಂಗಿಗೆಂದು ಆ ಕಡೆ ಹೋದಾಗ ಗೋಡೆಯ ಈಚೆ ಬದಿಗೆ ಮಿಕ್ಕ ಹಾಲೊ ಬ್ಲಾಕುಗಳನ್ನೇ ಮೆಟ್ಟಿಲಿನಂತೆ ಜೋಡಿಸಿದ್ದರು. ನೆತ್ತಿಯ ಗಾಜಿನ ಚೂರುಗಳ ಮೇಲೆ ಏನನ್ನೋ ನಾಲ್ಕು ಮಡಿಕೆ ಮಾಡಿ ಹೊದಿಸಿತ್ತು. ಹತ್ತಿರ ಹೋಗಿ ನೋಡಿದರೆ ನಮ್ಮ ಫ್ಲೆಕ್ಸ್, ಮಡಿಕೆಯ ಅಂಚಿನಲ್ಲಿ ಕೆಂಪು ಎಲೆ ಕಾಣುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಕೆಲಸದವರು ಆಗತಾನೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

“ಹತ್ತು ನಿಮಿಷ ಲೇಟಾಯ್ತು ಸಾರ್,” ಎಂದರು, “ಸಿಮೆಂಟು ಇನ್ನೂ ಹಸಿ ಇತ್ತು.”